ಐದನೇ ಡ್ರಮ್ಮು

“ನಾನು ಗೆರೆ ದಾಟಿಲ್ಲ ಮೇಡಂ! ಎಷ್ಟು ಸಲ ಹೇಳಬೇಕು?”

ಬುರ್ರಪ್ಪ ಮೇಜು ಗುದ್ದಿದ ರಭಸಕ್ಕೆ ಕೆರೆ ಆಫೀಸಿನ ಪೆನ್ನುಗಳೆಲ್ಲ ಒಮ್ಮೆ ಕುಣಿದವು. ಬಾಗಿಲ ಬಳಿ ನಿಂತಿದ್ದ ಸೂಜಿ ಪಕ್ಕದಲ್ಲಿದ್ದ ತನ್ನ ಅಪ್ಪನ ಅಂಗಿಯ ಚುಂಗು ಹಿಡಿದುಕೊಂಡಳು.

ಸೂಜಿ ಅಂದರೆ ಬಟ್ಟೆ ಹೊಲಿಯುವ ಸೂಜಿಯಲ್ಲ, ಹತ್ತು ವರ್ಷದ ಹುಡುಗಿ. ನೋಡಲು ಕಡ್ಡಿ, ಮಾತು ಚುಚ್ಚುವಂಥದು. ಅಜ್ಜಿ ತಮಾಷೆಗೆ ಇಟ್ಟ ಹೆಸರು ಹಾಗೇ ಅಂಟಿಕೊಂಡಿತ್ತು. ಬುರ್ರಪ್ಪನದೂ ಅದೇ ಕತೆ. ಅವನ ನಿಜವಾದ ಹೆಸರು ಆಫೀಸಿನ ಫೈಲಿನಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಅವನ ಹತ್ತಿರ ಎರಡು ಜೆಟ್ ಸ್ಕೀ ಇದ್ದವು. ನೀರಿನ ಮೇಲೆ ಓಡುವ ಬೈಕು ಅಂದುಕೊಳ್ಳಿ. ರಜೆಗೆ ಬಂದವರನ್ನು ಹಿಂದೆ ಕೂರಿಸಿಕೊಂಡು ಬುರ್ರ್ ಅಂತ ಕೆರೆ ಸುತ್ತಿಸುವುದೇ ಅವನ ಕೆಲಸ. ಆ ಸದ್ದಿಗೆ ಊರವರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಬಾತುಕೋಳಿಗಳಿಗೆ ಮುಚ್ಚಿಕೊಳ್ಳಲು ಕೈಯಿಲ್ಲ, ಪಾಪ, ಅವು ಜೊಂಡಿನೊಳಗೆ ಓಡುತ್ತಿದ್ದವು.

“ಕೂಗಾಡಬೇಡಿ,” ಅಂದರು ಮೇಡಂ. ಕೆರೆಯಲ್ಲಿ ಯಾವ ದೋಣಿ ಎಲ್ಲಿ ಓಡಬೇಕು, ಯಾರಿಗೆ ಲೈಸೆನ್ಸ್ ಕೊಡಬೇಕು ಎಂದು ನೋಡಿಕೊಳ್ಳುವವರು ಅವರೇ. “ಹೊಸ ರೂಲ್ ನಿಮಗೂ ಗೊತ್ತು. ದಡದಿಂದ ನೂರು ಮೀಟರ್ ಒಳಗೆ ಮೋಟಾರ್ ಇರೋದು ಯಾವುದೇ ಆಗ್ಲಿ, ಮನುಷ್ಯ ನಡೆಯೋ ಸ್ಪೀಡಲ್ಲಿ ಹೋಗ್ಬೇಕು. ” ಅವರು ಸೂಜಿಯ ಅಪ್ಪನ ಕಡೆ ಕೈ ತೋರಿಸಿದರು. “ಇವರ ತಾಯಿ ನಿನ್ನೆ ದೋಣೀಲಿ ನಿಂತು ಬಲೆ ಎಳೀತಿದ್ರು. ನೀವು ಪಕ್ಕದಲ್ಲೇ ಜೋರಾಗಿ ಹೋದ್ರಿ. ಅಲೆ ಬಡಿದು ಅವರು ಬಿದ್ರು, ಬಲಗೈ ಮುರೀತು.”

“ಜೋರಾಗಿ ಹೋಗಿದ್ದು ನಿಜ. ಆದ್ರೆ ಐದನೇ ಡ್ರಮ್ಮಿನ ಆಚೆ ಹೋಗಿದ್ದು. ಡ್ರಮ್ಮು ನನ್ನ ಎಡಗಡೆ ಇತ್ತು, ಕಣ್ಣಾರೆ ನೋಡಿದೀನಿ. ಅಜ್ಜಿ ಬಿದ್ದಿದ್ದು ನೋಡಿ ವಾಪಸ್ ಬಂದು ಎತ್ತಿದ್ದೂ ನಾನೇ!”

ಡ್ರಮ್ಮು ಅಂದರೆ ಹಳದಿ ಬಣ್ಣದ ಪ್ಲಾಸ್ಟಿಕ್ ಡ್ರಮ್ಮು. ನೂರು ಮೀಟರ್ ಎಲ್ಲಿಗೆ ಮುಗಿಯುತ್ತದೆ ಎಂದು ತೋರಿಸಲು ಕೆರೆಯಲ್ಲಿ ಅಂಥ ಆರು ಡ್ರಮ್ಮು ತೇಲಿಬಿಟ್ಟಿದ್ದರು. ಒಂದೊಂದಕ್ಕೂ ಕಲ್ಲಿನ ಲಂಗರು, ಮೈಮೇಲೆ ದೊಡ್ಡ ನಂಬರು. ಆ ನಂಬರುಗಳನ್ನು ಬರೆದವಳು ಸೂಜಿಯೇ.

ಮೇಡಂ ಫೈಲು ತಿರುವಿದರು. “ಅವರು ಬಿದ್ದಿದ್ದು ಬಲೆ ಕಟ್ಟೋ ಗೂಟದ ಹತ್ರ. ಅದು ದಡದಿಂದ ಐವತ್ತು ಮೀಟರ್ ಅಂತ ಇಲ್ಲಿದೆ. ಡ್ರಮ್ಮು ನೂರು ಮೀಟರ್. ನೀವು ಡ್ರಮ್ಮಿನ ಆಚೆ ಹೋಗಿದ್ರೆ ಅಲೆ ಗೂಟದ ಹತ್ರ ಬರೋ ಹೊತ್ತಿಗೆ ಸತ್ತೇ ಹೋಗ್ತಿತ್ತು. ಅಂದ್ರೆ ಸುಳ್ಳು ಹೇಳ್ತಿರೋದು ಡ್ರಮ್ಮೋ, ನೀವೋ?”

ಅಷ್ಟು ಹೊತ್ತು ಹಲ್ಲು ಕಚ್ಚಿಕೊಂಡಿದ್ದ ಅಪ್ಪ ಈಗ ಬಾಯಿಬಿಟ್ಟ. “ಆರೂ ಡ್ರಮ್ಮು ಹಾಕಿದ್ದು ನಾನು ಮೇಡಂ. ಹಗ್ಗ ಎಳೆದು, ಅಳೆದು ಹಾಕಿದ್ದು. ಒಂದು ಗೇಣು ಆಚೀಚೆ ಆಗಿದ್ರೆ ಈ ಕೆಲಸಾನೇ ಬಿಟ್ಬಿಡ್ತೀನಿ. ನಮ್ಮಮ್ಮನ ಕೈ ಮುರಿದಿದ್ದೂ ಅಲ್ದೆ, ಈಗ ಸುಳ್ಳು ಬೇರೆ ಹೇಳ್ತಾನೆ!”

ಅಪ್ಪನ ಅಳತೆ ಅಂದರೆ ಊರಲ್ಲಿ ಎರಡು ಮಾತಿಲ್ಲ. ಮೇಡಂ ಎರಡು ಜೆಟ್ ಸ್ಕೀಗಳ ಕೀ ಇಸಿದುಕೊಂಡರು. ಶನಿವಾರ ಕಮಿಟಿ ಮೀಟಿಂಗು. ತಪ್ಪು ಬುರ್ರಪ್ಪನದೇ ಎಂದಾದರೆ ಲೈಸೆನ್ಸ್ ರದ್ದು, ಮತ್ತೆ ಸಿಗುವುದಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ‘ಐದನೇ ಡ್ರಮ್ಮು’ ಎಂಬ ಮಾತು ಕಿವಿಗೆ ಬಿದ್ದಾಗಲೇ ಸೂಜಿ ಅಪ್ಪನ ಅಂಗಿ ಬಿಟ್ಟು ಹಿಂದೆ ಸರಿದಿದ್ದಳು.

ಎರಡು ತಿಂಗಳ ಹಿಂದೆ ಒಂದು ಭಾನುವಾರ ಅಪ್ಪ ಡ್ರಮ್ಮು ಹಾಕಲು ಹೊರಟಿದ್ದ. ಸಹಾಯಕ್ಕೆ ಬರಬೇಕಾಗಿದ್ದವನಿಗೆ ಜ್ವರ. “ನಾನು ಬರ್ತೀನಪ್ಪ,” ಎಂದು ಸೂಜಿ ಕುಣಿದಿದ್ದಳು.

ಕೆಲಸವೇನೂ ಕಷ್ಟದ್ದಲ್ಲ. ನೂರು ಮೀಟರಿನ ಹಗ್ಗ, ಹತ್ತು ಮೀಟರಿಗೊಂದು ಗಂಟು. ಸೂಜಿ ಹಗ್ಗದ ಒಂದು ತುದಿ ಹಿಡಿದು ನೀರಿನ ಅಂಚಿನಲ್ಲೇ ನಿಲ್ಲಬೇಕು. ಅಪ್ಪ ಇನ್ನೊಂದು ತುದಿ ಹಿಡಿದು ದೋಣಿಯಲ್ಲಿ ನೇರವಾಗಿ ಹೋಗುತ್ತಾನೆ. ಹಗ್ಗ ಬಿಗಿಯಾದ ಮೇಲೆ “ನೀರಂಚಲ್ಲೇ ಇದ್ದೀಯಾ?” ಎಂದು ಕೂಗುತ್ತಾನೆ. ಸೂಜಿ ಕೆಂಪು ಟವೆಲ್ ಎತ್ತಿದರೆ ‘ಹೌದು’ ಎಂದು ಅರ್ಥ. ಆಗ ಅವನು ಲಂಗರು ಇಳಿಸುತ್ತಾನೆ.

ನಾಲ್ಕು ಡ್ರಮ್ಮು ಸರಿಯಾಗೇ ಆಯಿತು. ಐದನೆಯದಕ್ಕೆ ಬರುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಕಾಲ ಕೆಳಗಿನ ಕಲ್ಲುಗಳು ಕಾದ ಬಾಣಲೆಯಾಗಿದ್ದವು. ಅಲ್ಲೇ ಹಿಂದೆ, ದಡದ ಮೇಲೆ ಒಂದು ಮರ. ಮರದ ಕೆಳಗೆ ತಂಪು ನೆರಳು, ಅವಳ ನೀರಿನ ಬಾಟ್ಲಿ, ಅರ್ಧ ಓದಿದ ಕಾಮಿಕ್ಸು. ಮಧ್ಯದಲ್ಲಿ ಆಳೆತ್ತರದ ಜೊಂಡು ಬೇರೆ. ಅಪ್ಪನಿಗೆ ಅವಳು ಕಾಣುತ್ತಿರಲಿಲ್ಲ, ಟವೆಲ್ ಮಾತ್ರ ಕಾಣುತ್ತಿತ್ತು.

ನಾಲ್ಕು ಹೆಜ್ಜೆ ಹಿಂದೆ ಹೋದರೆ ಏನು ಮಹಾ ಅಂದುಕೊಂಡಳು. ಆ ನಾಲ್ಕು ಹೆಜ್ಜೆ ಎಷ್ಟಾಯಿತೋ ಅವಳು ಎಣಿಸಲಿಲ್ಲ. ಅಪ್ಪ ದೂರದಿಂದ ಕೂಗಿದಾಗ ಮರದ ಕೆಳಗಿನಿಂದಲೇ ಟವೆಲ್ ಎತ್ತಿದಳು.

ದಡವೇ ಡೊಂಕು ಡೊಂಕಾಗಿದ್ದರಿಂದ ಡ್ರಮ್ಮಿನ ಸಾಲೂ ಡೊಂಕಾಗಿತ್ತು. ಐದನೆಯದು ಒಳಗೆ ಸರಿದಿದೆ ಎಂದು ಯಾರಿಗೂ ಅನಿಸಲಿಲ್ಲ. ಸೂಜಿಯಂತೂ ಮನೆಗೆ ಹೋಗುವಷ್ಟರಲ್ಲಿ ಮರೆತೇಬಿಟ್ಟಿದ್ದಳು.

ಮರುದಿನ ಶಾಲೆಯಲ್ಲಿ ಎಲ್ಲರ ಬಾಯಲ್ಲೂ ಅದೇ ಸುದ್ದಿ.

“ಬುರ್ರಪ್ಪನ ಬುರ್ರು ಬಂದ್!” ಎಂದು ಹಿಂದಿನ ಬೆಂಚಿನ ಹುಡುಗ ಬೋರ್ಡಿನ ಮೇಲೆ ಜೆಟ್ ಸ್ಕೀ ಬರೆದು ದೊಡ್ಡದಾಗಿ ಕಾಟು ಹಾಕಿದ. “ಸೂಜಿ, ನಿಮ್ಮಪ್ಪ ಸೂಪರ್ ಕಣೇ! ಆಫೀಸಲ್ಲೇ ಅವನ ನೀರಿಳಿಸಿದ್ರಂತೆ?”

ಎಲ್ಲರೂ ನಕ್ಕರು. ಸೂಜಿಯೂ ನಕ್ಕಳು. ನಕ್ಕ ಮೇಲೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಸಂಜೆ ದೋಣಿ ಕಟ್ಟೆಯ ಮೇಲೆ ಹಾದು ಬರುವಾಗ ಬುರ್ರಪ್ಪ ಅಲ್ಲೇ ಕೂತಿದ್ದ. ಅವನ ಎರಡು ಜೆಟ್ ಸ್ಕೀಗಳಿಗೂ ಸರಪಳಿ ಬಿಗಿದಿತ್ತು. ಮಾಡಲು ಬೇರೇನೂ ಇಲ್ಲದೆ ಒದ್ದೆ ಬಟ್ಟೆಯಿಂದ ಅವನ್ನು ಒರೆಸುತ್ತಿದ್ದ. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದ. ಯಾವಾಗಲೂ ಮೂಗಿನ ಮೇಲಿರುತ್ತಿದ್ದ ಕಪ್ಪು ಕನ್ನಡಕ ಇರಲಿಲ್ಲ. ಅದಿಲ್ಲದೆ ಅವನು ಬೇರೆ ಯಾರೋ ಅನ್ನಿಸಿದ.

ಸೂಜಿ ತಲೆ ತಗ್ಗಿಸಿಕೊಂಡು ದಾಟಿಬಿಡೋಣ ಅಂದುಕೊಂಡಳು.

“ಏ ಮರಿ,” ಅವನೇ ಕರೆದ. “ಅಜ್ಜಿಗೆ ಹೇಗಿದೆ? ರಾತ್ರಿ ನಿದ್ದೆ ಬಂತಂತಾ?”

“ಹ್ಞೂಂ ಅಂಕಲ್. ಮಾತ್ರೆ ಕೊಟ್ಟಿದಾರೆ.”

“ನಾನೇ ಬಂದು ನೋಡ್ಬೇಕು. ನಿಮ್ಮಪ್ಪ ಬಾಗಿಲು ತೆಗೀತಾನೋ ಇಲ್ವೋ.” ಅವನು ಬಟ್ಟೆ ಹಿಂಡಿದ. “ರೂಲ್ ಬಂದಾಗ ನಾನೂ ಬೈದಿದ್ದೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಡ್ರಮ್ಮು ಬಂದ ಮೇಲೆ ಒಂದು ದಿನ ತಪ್ಪಿಲ್ಲ. ಹತ್ತೋ ಗಿರಾಕಿಗಳಿಗೆಲ್ಲ ಏನು ಹೇಳ್ತೀನಿ, ನೀನೇ ಕೇಳಿದೀಯಲ್ಲ?”

ಸೂಜಿ ಕೇಳಿದ್ದಳು. ಕಟ್ಟೆಯ ಮೇಲೆ ಆಡುವ ಮಕ್ಕಳಿಗೆಲ್ಲ ಅದು ಬಾಯಿಪಾಠ. “ಡ್ರಮ್ಮಿನ ಈಚೆ ಆಮೆ, ಡ್ರಮ್ಮಿನ ಆಚೆ ಮೊಲ,” ಅಂದಳು ಸಣ್ಣ ದನಿಯಲ್ಲಿ.

“ನೋಡು! ನಿನಗೂ ಗೊತ್ತು. ರಸ್ತೆ ಆದ್ರೆ ಬಿಳಿ ಗೆರೆ ಇರುತ್ತೆ. ನೀರಲ್ಲಿ ಗೆರೆ ಎಲ್ಲಿರುತ್ತೆ ಮರಿ? ಡ್ರಮ್ಮು ನಂಬ್ಕೊಂಡೇ ಓಡಿಸ್ಬೇಕು. ನಾನು ನಂಬಿದೆ, ಅಷ್ಟೇ.”

ಸೂಜಿ ಓಡಿದಳು. ಮನೆ ಬರುವವರೆಗೂ ಓಡಿದಳು.

ಅಜ್ಜಿ ಜಗಲಿಯಲ್ಲಿ ಕೂತು ಎಡಗೈಯಲ್ಲೇ ಬಲೆ ರಿಪೇರಿ ಮಾಡಲು ಒದ್ದಾಡುತ್ತಿದ್ದಳು. ಬಲಗೈಗೆ ಮೊಣಕೈವರೆಗೂ ಬಿಳಿ ಪ್ಲಾಸ್ಟರು. ಸೂಜಿ ಚೀಲ ಎಸೆದು ಬಲೆಯ ತುದಿ ಹಿಡಿದುಕೊಂಡಳು.

“ತುಂಬ ನೋಯುತ್ತಾ ಅಜ್ಜಿ?”

“ನೋಯದೆ ಇರುತ್ತಾ? ಮುರಿದಿರೋದು ಮೂಳೆ ಕಣೇ, ಬಿಸ್ಕತ್ತಲ್ಲ.” ಅಜ್ಜಿ ಮೊಮ್ಮಗಳ ಮುಖ ನೋಡಿದಳು. “ನಿನ್ನೆಯಿಂದ ನೋಡ್ತಿದೀನಿ. ನಿನ್ನ ಬಾಯಿಗೆ ಬೀಗ ಹಾಕಿದ್ದು ಯಾರು? ಮೇಡಮ್ಮಾ?”

ಸೂಜಿ ಹೇಳಿಬಿಟ್ಟಳು. ಬಿಸಿಲು, ಕಲ್ಲು, ಮರ, ಕಾಮಿಕ್ಸು, ಕೆಂಪು ಟವೆಲ್, ಎಲ್ಲ. ಕೊನೆಕೊನೆಗೆ ಮಾತಿಗಿಂತ ಅಳುವೇ ಹೆಚ್ಚಿತ್ತು.

ಅಜ್ಜಿಯ ಎಡಗೈ ಬಲೆಯ ಮೇಲೆ ಹಾಗೇ ನಿಂತಿತು.

“ಓಹೋ,” ಅಂದಳು. “ಆ ಡ್ರಮ್ಮು ನನ್ನ ಗೂಟದ ಹತ್ರ ಬಂದು ಕೂತಾಗ್ಲೇ ಅನ್ನಿಸಿತ್ತು, ಇದೇನು ಇಷ್ಟು ಪಕ್ಕದಲ್ಲಿ ಅಂತ. ಮಗ ಹಾಕಿದ್ದಲ್ವಾ, ಸರಿಯಾಗೇ ಇರುತ್ತೆ ಅಂತ ಸುಮ್ಮನಾದೆ.”

“ನನ್ನ ಮೇಲೆ ಕೋಪ ಇಲ್ವಾ ಅಜ್ಜಿ?”

“ಇದೆ. ಬೇಕಾದಷ್ಟಿದೆ. ಕೈ ವಾಸಿ ಆಗೋತನಕ ಇರುತ್ತೆ.” ಹಾಗೆ ಅನ್ನುತ್ತಲೇ ಅಜ್ಜಿ ಸೆರಗಿನಿಂದ ಅವಳ ಮೂಗು ಒರೆಸಿದಳು. “ಈಗ ಹೇಳು. ನಿಮ್ಮಪ್ಪಂಗೆ ನೀನು ಹೇಳ್ತೀಯೋ, ನಾನು ಹೇಳ್ಲೋ?”

ಅಜ್ಜಿ ಹೇಳಿದರೆ ಎಷ್ಟು ಸುಲಭ! ಅಜ್ಜಿಯ ಮುಂದೆ ಅಪ್ಪ ದನಿ ಎತ್ತುವುದಿಲ್ಲ. ಸೂಜಿ ಬಲೆಯ ತುದಿಯನ್ನು ಅಜ್ಜಿಯ ಮಡಿಲಲ್ಲಿಟ್ಟು ಎದ್ದಳು.

“ನಾನೇ ಹೇಳ್ತೀನಿ,” ಅಂದಳು.

ಅಪ್ಪ ಹಿತ್ತಲ ಶೆಡ್ಡಿನಲ್ಲಿ ದೋಣಿಗೆ ಬಣ್ಣ ಹಚ್ಚುತ್ತಿದ್ದ. ಬ್ರಷ್ಷು ಬಲಕ್ಕೂ ಎಡಕ್ಕೂ ಹೋಗುವುದನ್ನು ನೋಡುತ್ತ ಸೂಜಿ ಬಾಗಿಲಲ್ಲಿ ನಿಂತಳು. ಹತ್ತು ಸಲ ಎಣಿಸಿ ಹೇಳೋಣ ಅಂದುಕೊಂಡು ಇಪ್ಪತ್ತಕ್ಕೆ ಬಾಯಿಬಿಟ್ಟಳು.

“ಅಪ್ಪ, ಐದನೇ ಡ್ರಮ್ಮು ಹಾಕುವಾಗ ನಾನು ನೀರಂಚಲ್ಲಿ ಇರ್ಲಿಲ್ಲ.”

“ಅಂದ್ರೆ?”

“ಮರದ ಕೆಳಗಿದ್ದೆ. ಬಿಸಿಲು ಅಂತ.”

“ಟವೆಲ್ ಎತ್ತಿದೆಯಲ್ಲೇ?”

“ಮರದ ಕೆಳಗಿಂದಾನೇ ಎತ್ತಿದೆ.”

ಬ್ರಷ್ಷಿನಿಂದ ಬಣ್ಣ ತೊಟ್ಟಿಕ್ಕಿತು. ಅಪ್ಪ ಬೈಯಲಿಲ್ಲ. ಬೈದಿದ್ದರೆ, ಬೆನ್ನಿಗೊಂದು ಗುದ್ದಿದ್ದರೂ ವಾಸಿಯಿತ್ತು. ಅವನು ಸುಮ್ಮನೆ ಬಣ್ಣದ ಡಬ್ಬದ ಪಕ್ಕ ನೆಲದ ಮೇಲೇ ಕೂತುಬಿಟ್ಟ.

“ಒಂದು ಗೇಣು ಅಂದೆ,” ತನಗೆ ತಾನೇ ಹೇಳಿಕೊಂಡ. “ಎಲ್ಲರ ಮುಂದೆ ಅವನನ್ನ ಸುಳ್ಳ ಅಂದೆ.”

ಸೂಜಿ ಬಾಗಿಲು ಬಿಟ್ಟು ಅವನ ಪಕ್ಕ ಬಂದು ಕೂತಳು.

“ನಾಳೆ ಬೆಳಕಾಗೋ ಮೊದ್ಲು ಹೋಗಿ ಡ್ರಮ್ಮು ಸರಿಸಿಬಿಟ್ರೆ ಯಾರಿಗೂ ಗೊತ್ತಾಗಲ್ಲ,” ಅಂದ ಅಪ್ಪ, ಬಣ್ಣದ ಡಬ್ಬ ನೋಡುತ್ತ. “ಸರಿಸುವಾಗ ಯಾರಾದ್ರೂ ಕಂಡು ಕೇಳಿದ್ರೂ, ರಾತ್ರಿ ಗಾಳಿಗೆ ಲಂಗರು ಜರುಗಿತು ಅಂದ್ರೆ ನಂಬ್ತಾರೆ.”

ಸೂಜಿಯ ಎದೆ ಒಮ್ಮೆಗೇ ಹಗುರಾಯಿತು. ಹೌದಲ್ಲ! ಯಾರಿಗೂ ಗೊತ್ತಾಗುವುದಿಲ್ಲ. ಅಪ್ಪನ ಹೆಸರು ಉಳಿಯುತ್ತದೆ, ಶಾಲೆಯಲ್ಲೂ ಯಾರೂ ನಗುವುದಿಲ್ಲ. ಆಮೇಲೆ ಒರೆಸಿದ್ದನ್ನೇ ಒರೆಸುತ್ತಿದ್ದ ಆ ಒದ್ದೆ ಬಟ್ಟೆ ಕಣ್ಣ ಮುಂದೆ ಬಂತು.

“ಅಂಕಲ್‌ಗೆ ಕೀ ವಾಪಸ್ ಸಿಗುತ್ತಾ, ಹಾಗೆ ಮಾಡಿದ್ರೆ?” ಕೇಳಿದಳು.

ಅಪ್ಪ ಅವಳ ಮುಖ ನೋಡಿದ. ಎದ್ದ. ಕೈಯ ಬಣ್ಣವನ್ನು ಪ್ಯಾಂಟಿಗೆ ಒರೆಸಿಕೊಂಡು ಜೇಬಿನಿಂದ ಫೋನು ತೆಗೆದ.

“ಮೇಡಂ, ನಾನು. ನಾಳೆ ಬೆಳಿಗ್ಗೆ ಐದನೇ ಡ್ರಮ್ಮಿನ ಹತ್ರ ಬರ್ಬೇಕು. ಅವನನ್ನೂ ಕರೀರಿ. ಹ್ಞಾಂ, ಬುರ್ರಪ್ಪನ್ನೇ. ಅವನು ಇಲ್ದೆ ನಾನು ಹಗ್ಗ ಮುಟ್ಟಲ್ಲ.”

ಬೆಳಿಗ್ಗೆ ಕೆರೆಯ ಮೇಲೆ ಒಂದು ಅಲೆಯೂ ಇರಲಿಲ್ಲ. ಅಪ್ಪ ಹಗ್ಗದ ತುದಿಯನ್ನು ಐದನೇ ಡ್ರಮ್ಮಿಗೆ ಕಟ್ಟಿ ದೋಣಿಯಲ್ಲಿ ದಡಕ್ಕೆ ಬಂದ. ನೀರಿನ ಅಂಚಿನಲ್ಲಿ ಮೇಡಂ ಹಗ್ಗ ಎಳೆದು ಹಿಡಿದರು. ಬುರ್ರಪ್ಪ ಗಂಟುಗಳನ್ನು ಗಟ್ಟಿಯಾಗಿ ಎಣಿಸಿದ.

“ಒಂದು, ಎರಡು, ಮೂರು, ನಾಲ್ಕು, ಐದು, ಆರು.” ಏಳನೇ ಗಂಟು ಆಗಲೇ ಒಣ ನೆಲದ ಮೇಲಿತ್ತು.

ಅರವತ್ತಾರು ಮೀಟರು. ಉಳಿದ ಹಗ್ಗವನ್ನು ಅಪ್ಪ ದಡದ ಮೇಲೆ ಎಳೆದುಕೊಂಡು ಹೋದ. ಅದು ಜೊಂಡಿನ ಪಕ್ಕ ಹಾದು, ಕಲ್ಲುಗಳನ್ನು ದಾಟಿ, ಸರಿಯಾಗಿ ಮರದ ಬುಡಕ್ಕೆ ಹೋಗಿ ಮುಗಿಯಿತು.

ಸೂಜಿ ಅಪ್ಪನಿಗಿಂತ ಮೊದಲೇ ಮುಂದೆ ಬಂದಳು.

“ತುದಿ ಹಿಡ್ಕೊಂಡಿದ್ದು ನಾನು. ಇಲ್ಲಿ ನಿಂತಿದ್ದೆ. ನೀರಂಚಲ್ಲಿ ಇದೀನಿ ಅಂತ ಅಪ್ಪಂಗೆ ಸುಳ್ಳು ತೋರಿಸ್ದೆ.”

“ಹತ್ತು ವರ್ಷದ ಹುಡುಗಿ ಕೈಗೆ ಹಗ್ಗ ಕೊಟ್ಟು, ಒಂದ್ಸಲ ತಿರುಗಿ ನೋಡದೆ ಲಂಗರು ಇಳಿಸಿದ್ದು ನಾನು ಮೇಡಂ,” ಅಂದ ಅಪ್ಪ. “ಹಾಗಂತಾನೇ ಬರ್ಕೊಳ್ಳಿ.” ಆಮೇಲೆ ಬುರ್ರಪ್ಪನ ಕಡೆ ತಿರುಗಿದ. ಎರಡೂ ಕೈ ಜೋಡಿಸಿದ.

ಈಗ ಬುರ್ರಪ್ಪ ಕೂಗಾಡುತ್ತಾನೆ ಎಂದು ಸೂಜಿ ಕಾದಳು. ಅವನು ಮರ ನೋಡಿದ, ಡ್ರಮ್ಮು ನೋಡಿದ, ಮತ್ತೆ ಮರ ನೋಡಿದ.

“ಮೂರು ದಿನ,” ಅಂದ. “ಎಲ್ಲರೂ ಸುಳ್ಳ ಸುಳ್ಳ ಅಂದು ಅಂದು, ನನಗೇ ಅನುಮಾನ ಬಂದುಬಿಟ್ಟಿತ್ತು. ನಾನೇ ಡ್ರಮ್ಮಿನ ಈಚೆ ಹೋದೆನೇನೋ, ನನ್ನ ಕಣ್ಣೇ ಸರಿ ಇಲ್ವೇನೋ ಅಂತ.”

“ಸಾರಿ ಅಂಕಲ್,” ಅಂದಳು ಸೂಜಿ.

“ಹ್ಞೂಂ,” ಅಂದ ಅವನು. ‘ಪರವಾಗಿಲ್ಲ’ ಅನ್ನಲಿಲ್ಲ. ಕಣ್ಣೊರೆಸಿಕೊಂಡು ಕಟ್ಟೆಯ ಕಡೆ ನಡೆದುಬಿಟ್ಟ.

ಶನಿವಾರದ ಮೀಟಿಂಗು ಕಾಲು ಗಂಟೆಯಲ್ಲಿ ಮುಗಿಯಿತು. ಬುರ್ರಪ್ಪನ ಕೀಗಳು ಅವನ ಕೈ ಸೇರಿದವು. ಇನ್ನು ಮುಂದೆ ಡ್ರಮ್ಮು ಹಾಕುವಾಗ ಇಬ್ಬರು ದೊಡ್ಡವರು ಇರಬೇಕು, ಜೆಟ್ ಸ್ಕೀ ಓಡಿಸುವವರಲ್ಲಿ ಒಬ್ಬರು ಸಾಕ್ಷಿಯಾಗಿರಬೇಕು, ಬಲೆ ಗೂಟದ ಹತ್ತಿರ ಎಲ್ಲರೂ ನಿಧಾನ ಹೋಗಬೇಕು ಎಂದು ಹೊಸದಾಗಿ ಬರೆದರು. ಅಪ್ಪನಿಗೆ ಒಂದು ಎಚ್ಚರಿಕೆಯ ಪತ್ರ ಸಿಕ್ಕಿತು. ಅವನು ಅದನ್ನು ಎರಡು ಸಲ ಓದಿ ಮಡಚಿ ಜೇಬಿನಲ್ಲಿ ಇಟ್ಟುಕೊಂಡ. ಆಫೀಸಿನ ಹೊರಗೆ ನೋಟೀಸೂ ಅಂಟಿಸಿದರು. ಅಲ್ಲಿಗೆ ಎಲ್ಲ ಮುಗಿಯಿತು ಎಂದು ಸೂಜಿ ಅಂದುಕೊಂಡಳು.

ಭಾನುವಾರ ಬೆಳಿಗ್ಗೆ ಅಮ್ಮ ಬ್ರೆಡ್ ತರಲು ಕಳಿಸಿದಳು. ಬೇಕರಿಯಲ್ಲಿ ನಾಲ್ಕೈದು ಜನ ನಿಂತಿದ್ದರು. ದೂರದಲ್ಲಿ ಬುರ್ರ್ ಎಂದು ಸದ್ದು ಕೇಳಿಸಿತು.

“ಶುರುವಾಯ್ತು ನೋಡಿ ಮತ್ತೆ,” ಅಂದ ಬೇಕರಿಯವನು, ಬ್ರೆಡ್ ಕತ್ತರಿಸುತ್ತ. “ಮುದುಕಿ ಕೈ ಮುರಿದು ಹಾಕಿ ಹೇಗೆ ಬಚಾವಾದ ಅಂತೀನಿ! ಯಾರ ಕೈ ಬೆಚ್ಚಗೆ ಮಾಡಿದ್ನೋ.”

“ಅಂಥವರೆಲ್ಲ ಹಾಗೇ,” ಅಂದರು ಹಾಲಿಗೆ ಬಂದಿದ್ದ ಹೆಂಗಸು.

ಸೂಜಿ ಬೆರಗಾಗಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ನೋಟೀಸು ಅಂಟಿಸಿದ್ದಾರಲ್ಲ! ಆದರೆ ಬ್ರೆಡ್ ಕೊಳ್ಳಲು ಬಂದವರು ಕೆರೆ ಆಫೀಸಿನ ಗೋಡೆ ಓದಿಕೊಂಡು ಬರುವುದಿಲ್ಲ. ಸುಳ್ಳು ಎಷ್ಟು ಮನೆ ಹೊಕ್ಕಿತ್ತೋ, ನಿಜ ಅಷ್ಟು ಮನೆಗೆ ಇನ್ನೂ ಹೋಗಿರಲಿಲ್ಲ.

ಸುಮ್ಮನೆ ಬ್ರೆಡ್ ತೆಗೆದುಕೊಂಡು ಹೋಗಬಹುದಿತ್ತು. ಯಾರೂ ಅವಳನ್ನು ಕೇಳಿರಲಿಲ್ಲ. ಅವಳು ಗಲ್ಲಾದ ಹತ್ತಿರಕ್ಕೆ ಬಂದು ನಿಂತಳು.

“ಅಂಕಲ್, ಬುರ್ರಪ್ಪ ಅಂಕಲ್ ಗೆರೆ ದಾಟಿರ್ಲಿಲ್ಲ,” ಅಂದಳು. “ಡ್ರಮ್ಮೇ ತಪ್ಪು ಜಾಗದಲ್ಲಿತ್ತು. ನನ್ನಿಂದ. ಅಳೆಯುವಾಗ ಹಗ್ಗ ಹಿಡ್ಕೊಂಡು ನಾನು ಸರಿಯಾದ ಕಡೆ ನಿಂತಿರ್ಲಿಲ್ಲ. ಕೈ ಮುರ್ಕೊಂಡಿದ್ದು ನಮ್ಮಜ್ಜೀನೇ.”

ಬೇಕರಿಯವನ ಚಾಕು ಅರ್ಧ ಬ್ರೆಡ್ಡಿನಲ್ಲಿ ನಿಂತಿತು. ಹಾಲಿನ ಹೆಂಗಸು ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ನೀನಾ?” ಅಂದ ಬೇಕರಿಯವನು.

“ಹ್ಞೂಂ. ನಾನೇ.”

ಅವನು ತಲೆ ಕೆರೆದುಕೊಂಡ. ಬ್ರೆಡ್ ಸುತ್ತಿ ಕೊಟ್ಟ. “ಹಾಗಾ ವಿಷಯ?” ಅಂದ, ಈ ಸಲ ಮೆಲ್ಲಗೆ. “ನಮಗೆ ಯಾರೂ ಹೇಳ್ಲೇ ಇಲ್ವಲ್ಲ.”

ಸೂಜಿ ಹೊರಗೆ ಬಂದಳು. ಎದುರು ಸಾಲಿನ ಕ್ಷೌರದಂಗಡಿಯಲ್ಲಿ ಬೆಂಚಿನ ತುಂಬ ಜನ ಕೂತು ಜೋರು ಜೋರಾಗಿ ಮಾತಾಡುತ್ತಿದ್ದರು. ಬುರ್ರಪ್ಪನ ಹೆಸರು ಇಲ್ಲಿಗೇ ಕೇಳಿಸುತ್ತಿತ್ತು. ನಾಳೆ ಶಾಲೆ ಬೇರೆ ಇದೆ, ಹಿಂದಿನ ಬೆಂಚಿನ ಆ ಹುಡುಗ ಬೇರೆ ಇದ್ದಾನೆ.

ಅವಳು ಬ್ರೆಡ್ಡನ್ನು ಕಂಕುಳಲ್ಲಿ ಇಟ್ಟುಕೊಂಡಳು. ಮನೆಯ ಕಡೆ ತಿರುಗದೆ ರಸ್ತೆ ದಾಟಿ ಕ್ಷೌರದಂಗಡಿಯ ಮೆಟ್ಟಿಲು ಹತ್ತಿದಳು.